ಮಳೆಗಾಲದ ಆರು ಸಂಜೆ: ಮೊದಲ ಕ್ರೈಸ್ತ ಹೆಂಗಸರ ಕತೆಗಳನ್ನು ಒಟ್ಟಿಗೆ ಕೂತು ಓದುವುದು ಹೇಗೆ

ನಮ್ಮ ಕಡೆ ಜುಲೈ ಬಂತೆಂದರೆ ಸಂಜೆ ಆಗುವ ಮುಂಚೆಯೇ ಕತ್ತಲು. ಮಳೆ ಹಿಡಿದರೆ ಬಿಡುವುದಿಲ್ಲ, ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ತೋಟದಲ್ಲೂ ಕೆಲಸ ಕಡಿಮೆ. ಕಾಫಿ ಕೊಯ್ಲಿನ ಸಮಯದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ, ಯಾವ ಹೆಂಗಸನ್ನು ಕರೆದರೂ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಅದಕ್ಕೇ ಕೊಡಗಿನ ಸಿದ್ದಾಪುರದ ಹತ್ತಿರದ ನಾವು ಕೆಲವು ಹೆಂಗಸರು ಮಳೆಗಾಲವನ್ನೇ ಆರಿಸಿಕೊಂಡೆವು. ವಾರಕ್ಕೊಂದು ಸಂಜೆ, ಒಟ್ಟು ಆರು ಸಂಜೆ. ಓದಿದ್ದು ಮೊದಲ ಇನ್ನೂರು ವರ್ಷದ ಕ್ರೈಸ್ತ ಹೆಂಗಸರ ಬಗ್ಗೆ. ಅವರಿಗೆ ಸಿಕ್ಕ ಆತ್ಮಿಕ ವರಗಳು ಯಾವುವು, ಕಷ್ಟ ಬಂದಾಗ ಅವರು ಹೇಗೆ ನಿಂತರು ಅಂತ. ಮೂರು ಮಳೆಗಾಲ ಹೀಗೆ ಕೂತಿದ್ದೇವೆ. ನಿಮ್ಮ ಊರಲ್ಲೂ ಮಾಡಬಹುದು, ಖರ್ಚೇನೂ ಇಲ್ಲ. ಹೇಗೆ ಅಂತ ಬರೆಯುತ್ತೇನೆ.

ನನ್ನ ಮನಸ್ಸಿನಲ್ಲಿ ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಿಂದ ಚರ್ಚಿನಲ್ಲಿ ನಾನು ಕೇಳಿದ ಪ್ರಸಂಗಗಳಲ್ಲಿ ವರಗಳ ಮಾತು ಒಂದು ದಿನ, ಕಷ್ಟದ ಮಾತು ಇನ್ನೊಂದು ದಿನ. ವರ ಅಂದರೆ ವೇದಿಕೆ, ಮೈಕ್, ದೊಡ್ಡ ಕೂಟ. ಕಷ್ಟ ಅಂದರೆ ಹೆಂಗಸರು, ಅಡುಗೆಮನೆ, "ಸಹಿಸಿಕೋ ತಾಯಿ". ಆದರೆ ಹಳೆಯ ಬರಹಗಳನ್ನು ಓದುತ್ತಾ ಹೋದರೆ ಆ ಹೆಂಗಸರಿಗೆ ಎರಡೂ ಒಂದೇ ಜಾಗದಲ್ಲಿ ಬಂದಿವೆ. ಜೈಲಿನ ಕತ್ತಲಲ್ಲಿ ದರ್ಶನ ಬಂದಿದೆ. ಊರು ಬಿಡಿಸಿದ ಮೇಲೆ ಬೋಧನೆ ಶುರುವಾಗಿದೆ. ಮತ್ತೆ ಅವರ ನಂಬಿಗಸ್ತಿಕೆ ತುಂಬಾ ಸಲ "ಆಗಲ್ಲ" ಅನ್ನುವ ಒಂದು ಮಾತಿನಲ್ಲಿ ಕಾಣಿಸಿದೆ. ಆ ಮಾತನ್ನು ನಮ್ಮ ಹೆಣ್ಣುಮಕ್ಕಳು ಕೇಳಬೇಕು ಅನ್ನುವುದೇ ನನ್ನ ಆಸೆ.

ಕೂರುವ ಮುಂಚೆ

ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮಾತು ಬರುವವರೇ ಮಾತಾಡುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ಚರ್ಚ್ ಹಾಲ್ ಬೇಡ, ಯಾರದಾದರೂ ಅಡುಗೆಮನೆ ಒಳ್ಳೆಯದು. ಒಲೆ ಪಕ್ಕ ಬೆಚ್ಚಗಿರುತ್ತದೆ, ಕೈಗೆ ಏನಾದರೂ ಕೆಲಸ ಇದ್ದರೆ ನಾಚಿಕೆ ಸ್ವಭಾವದವರಿಗೂ ಬಾಯಿ ಬರುತ್ತದೆ. ಲೈನ್ ಮನೆಯವರೂ, ಅಂದರೆ ತೋಟದ ಕೆಲಸದವರೂ, ಬರುತ್ತಾರೆ ಅಂತಾದರೆ ಧಣಿಗಳ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಯಾಕೆ ಅಂತ ನಿಮಗೇ ಗೊತ್ತು, ಅಲ್ವಾ.

ನಮ್ಮ ಕಡೆ ಆನೆ ಕಾಟ ಇದೆ. ಹಾಗಾಗಿ ನಾಲ್ಕಕ್ಕೆ ಶುರು ಮಾಡಿ ಐದೂವರೆಗೆ ಮುಗಿಸುತ್ತೇವೆ, ಯಾರೂ ಒಬ್ಬರೇ ನಡೆದು ಹೋಗುವುದಿಲ್ಲ. ಓದುವ ಭಾಗವನ್ನು ಮೊದಲೇ ದೊಡ್ಡ ಅಕ್ಷರದಲ್ಲಿ ಬರೆದೋ ಪ್ರಿಂಟ್ ಹಾಕಿಸಿಯೋ ಇಟ್ಟುಕೊಳ್ಳಿ. ಫೋನಿನಲ್ಲಿ ಓದುತ್ತೇವೆ ಅಂದರೆ ಆ ದಿನವೇ ನೆಟ್‌ವರ್ಕ್ ಇರುವುದಿಲ್ಲ, ಚಾರ್ಜೂ ಇರುವುದಿಲ್ಲ.

ಭಾಷೆಯ ವಿಷಯ. ನಮ್ಮ ಗುಂಪಿನಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು ಇದ್ದಾರೆ, ತಮಿಳು, ಮಲಯಾಳಂ, ತುಳು ಆಡುವವರೂ ಇದ್ದಾರೆ. ಓದುವುದು ಕನ್ನಡದಲ್ಲಿ. ಓದಿದ ಮೇಲೆ ಒಬ್ಬರು ಆ ಕತೆಯನ್ನು ತಮ್ಮ ಭಾಷೆಯಲ್ಲಿ ಇನ್ನೊಂದು ಸಲ ಹೇಳುತ್ತಾರೆ. ಇದರಿಂದ ಸಮಯ ಹೋಗುತ್ತದೆ, ಹೋಗಲಿ. ಎರಡನೇ ಸಲ ಹೇಳುವಾಗಲೇ ಕತೆ ಒಳಗೆ ಇಳಿಯುವುದು. ಓದು ಬಾರದವರು ಹಿಂದೆ ಕೂರುವ ಅಗತ್ಯವೇ ಇಲ್ಲ, ಮೊದಲ ಸಭೆಗಳಲ್ಲಿ, ಅಂದರೆ ಆಗಿನ ಕ್ರೈಸ್ತರ ಕೂಟಗಳಲ್ಲಿ, ಹೆಚ್ಚಿನವರು ಕೇಳಿಯೇ ಕಲಿತವರು. ಬೈಬಲಿನ ಪ್ರಕಟನೆ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಓದುವವನೂ ಕೇಳುವವರೂ ಧನ್ಯರು ಅಂತಿದೆ. ಗಟ್ಟಿಯಾಗಿ ಒಬ್ಬ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು.

ಪ್ರತಿ ಕತೆಗೂ ಮೂರೇ ಪ್ರಶ್ನೆ. ಅವಳ ಕೈಯಲ್ಲಿ ಏನಿತ್ತು? ಅದರಿಂದ ಯಾರಿಗೆ ಒಳ್ಳೆಯದಾಯಿತು? ಅದಕ್ಕಾಗಿ ಅವಳು ಏನು ಕಳೆದುಕೊಂಡಳು? ಇಷ್ಟನ್ನು ಬಿಟ್ಟು ಬೇರೆ ಪ್ರಶ್ನೆಪತ್ರಿಕೆ ತಯಾರು ಮಾಡಲು ಹೋಗಬೇಡಿ. ಪರೀಕ್ಷೆಯ ಹಾಗೆ ಆಗಿಬಿಡುತ್ತದೆ.

ಮೊದಲ ಸಂಜೆ: ವರ ಅನ್ನುವ ಮಾತು

ಕನ್ನಡದಲ್ಲಿ ವರ ಅಂದ ಕೂಡಲೇ ತಪಸ್ಸು ನೆನಪಾಗುತ್ತದೆ. ಒಂಟಿ ಕಾಲಲ್ಲಿ ನಿಂತು, ಊಟ ಬಿಟ್ಟು, ದೇವರನ್ನು ಒಲಿಸಿ ಪಡೆಯುವುದು ವರ. ಇದು ನಮ್ಮ ಕಿವಿಯಲ್ಲಿ ಕೂತಿದೆ, ಚರ್ಚಿಗೆ ಹೋಗುವವರ ಕಿವಿಯಲ್ಲೂ ಕೂತಿದೆ. ಅದಕ್ಕೇ ಎಷ್ಟೋ ಹೆಂಗಸರು "ನಾನೆಂಥ ಪ್ರಾರ್ಥನೆ ಮಾಡುತ್ತೇನೆ, ನನಗೆಲ್ಲಿ ವರ" ಅನ್ನುತ್ತಾರೆ. ಆದರೆ ಮೊದಲ ಸಭೆಗಳಿಗೆ ಪತ್ರ ಬರೆದ ಪೌಲ ಗ್ರೀಕಿನಲ್ಲಿ ಬಳಸಿದ ಮಾತು ಖಾರಿಸ್ಮಾ, ಅದು ಖಾರಿಸ್ ಅಂದರೆ ಕೃಪೆ ಅನ್ನುವ ಮಾತಿನಿಂದ ಬಂದದ್ದು. ದುಡಿದು ಗಳಿಸಿದ್ದಲ್ಲ, ಸುಮ್ನೆ ಸಿಕ್ಕಿದ್ದು. ಇದೊಂದನ್ನು ಬಿಡಿಸಿ ಹೇಳಿದರೆ ಮೊದಲ ಸಂಜೆಯ ಅರ್ಧ ಕೆಲಸ ಆದ ಹಾಗೆ.

ಆಮೇಲೆ ಎರಡು ಭಾಗ ಓದಿ. ಒಂದನೇ ಕೊರಿಂಥ, ಅಂದರೆ ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರ, ಅದರ 12ನೇ ಅಧ್ಯಾಯದಲ್ಲಿ ಜ್ಞಾನದ ಮಾತು, ನಂಬಿಕೆ, ವಾಸಿಮಾಡುವುದು, ಪ್ರವಾದನೆ (ದೇವರು ಕೊಟ್ಟ ಮಾತನ್ನು ಹೇಳುವುದು), ಆತ್ಮಗಳನ್ನು ವಿವೇಚಿಸುವುದು (ಯಾವುದು ದೇವರಿಂದ ಬಂದದ್ದು, ಯಾವುದು ಅಲ್ಲ ಅಂತ ಗುರುತಿಸುವುದು), ಬೇರೆ ಬೇರೆ ಭಾಷೆ ಹೀಗೆ ಒಂದು ಪಟ್ಟಿ ಇದೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿ. ಅದರಲ್ಲಿ ಸೇವೆ, ಬೋಧನೆ, ಧೈರ್ಯ ಹೇಳುವುದು, ದಾನ, ಕರುಣೆ ಇವೆ. ನಮ್ಮ ಕಡೆ ಮೊದಲನೇ ಪಟ್ಟಿಯ ಬಗ್ಗೆಯೇ ಮಾತು ಜಾಸ್ತಿ. ಎರಡನೆಯದನ್ನು ಓದಿದಾಗ ಅಡುಗೆಮನೆಯಲ್ಲಿ ಕೂತ ಹೆಂಗಸರ ಮುಖ ನೋಡಿ. ಮತ್ತೆ ಕೊರಿಂಥದ 12ರ ಏಳನೇ ವಚನ ಬಿಡಬೇಡಿ, ವರ ಕೊಟ್ಟಿರುವುದು ಎಲ್ಲರ ಪ್ರಯೋಜನಕ್ಕೆ ಅಂತ ಅಲ್ಲಿದೆ. ನಮ್ಮ ಎರಡನೇ ಪ್ರಶ್ನೆ ಬಂದದ್ದು ಅಲ್ಲಿಂದಲೇ.

ಎರಡನೇ ಸಂಜೆ: ಹೆಸರುಗಳ ಅಧ್ಯಾಯ

ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಯಾರೂ ಪ್ರಸಂಗ ಮಾಡುವುದಿಲ್ಲ, ಬರೀ ಹೆಸರು ಅಂತ. ನೀವು ಅದನ್ನೇ ಓದಿ, ನಿಧಾನವಾಗಿ. ಹೆಂಗಸರ ಹೆಸರು ಬಂದಾಗಲೆಲ್ಲ ಒಂದು ಕಾಫಿ ಬೀಜ ತಟ್ಟೆಗೆ ಹಾಕಿ. ಕೊನೆಗೆ ಹತ್ತು ಬೀಜ ಇರಬೇಕು. ಫೊಯಿಬೆ, ಪ್ರಿಸ್ಕ, ಮರಿಯ, ಯೂನ್ಯ, ತ್ರುಫೈನ, ತ್ರುಫೋಸ, ಪೆರ್ಸಿಸ್, ಯೂಲ್ಯ, ಆಮೇಲೆ ಹೆಸರು ಹೇಳದ ಇಬ್ಬರು: ರೂಫನ ತಾಯಿ, ನೇರ್ಯನ ತಂಗಿ. ರೂಫನ ತಾಯಿ ನನಗೂ ತಾಯಿ ಅನ್ನುತ್ತಾನೆ ಪೌಲ. ಆ ಅಮ್ಮ ಅವನಿಗೆ ಏನು ಮಾಡಿಕೊಟ್ಟಿದ್ದಳೋ, ಆ ಒಂದು ಮಾತಿನಲ್ಲಿ ಅವಳ ಮನೆಯ ಬಿಸುಪು ನಮ್ಮ ತನಕ ಬಂದಿದೆ.

ಫೊಯಿಬೆ ಕೊರಿಂಥದ ಹತ್ತಿರದ ಕೆಂಖ್ರೆಯ ಸಭೆಯ ಸೇವಕಿ. ಅಲ್ಲಿರುವ ಗ್ರೀಕ್ ಮಾತು ದಿಯಾಕೊನೊಸ್, ಗಂಡಸರಿಗೆ ಬಳಸುವ ಮಾತೇ ಅದು. ಅವಳು ಅನೇಕರಿಗೆ ಆಸರೆಯಾದಳು, ತನಗೂ ಆಸರೆಯಾದಳು ಅಂತ ಪೌಲ ಬರೆಯುತ್ತಾನೆ. ಅವನು ಹೊಗಳುವ ಯೂನ್ಯ ಅವನ ಜೊತೆ ಸೆರೆಯಲ್ಲಿ ಇದ್ದವಳು. ಇಲ್ಲೇ ನೋಡಿ, ಹೊಗಳಿಕೆಯೂ ಜೈಲೂ ಒಂದೇ ಸಾಲಿನಲ್ಲಿ.

ಪ್ರಿಸ್ಕಿಲ್ಲಳ (ಮೇಲಿನ ಪಟ್ಟಿಯ ಪ್ರಿಸ್ಕ ಇವಳೇ) ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮ್‌ನಿಂದ ಹೊರಗೆ ಹಾಕಿದಾಗ ಗಂಡ ಅಕ್ವಿಲನ ಜೊತೆ ಅವಳು ಕೊರಿಂಥಕ್ಕೆ ಬಂದಳು. ಗುಡಾರ ಮಾಡುವ ಕೆಲಸ. ಅಲ್ಲಿಂದ ಎಫೆಸಕ್ಕೆ. ಅಲ್ಲಿ ಅಪೊಲ್ಲೋಸ್ ಅನ್ನುವ ದೊಡ್ಡ ವಾಗ್ಮಿಯನ್ನು ಇಬ್ಬರೂ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಹೊಸ ಒಡಂಬಡಿಕೆಯಲ್ಲಿ ಈ ದಂಪತಿಯ ಹೆಸರು ಆರು ಸಲ ಬರುತ್ತದೆ, ಗ್ರೀಕ್ ಮೂಲದಲ್ಲಿ ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಪೌಲನ ಜೀವಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದವರು. ಒಂದು ಊರಿನಿಂದ ಎತ್ತಿ ಇನ್ನೊಂದು ಊರಿಗೆ ಎಸೆದ ಹೆಂಗಸು ಬೋಧಕಿಯಾದಳು. ಹಾಸನದಿಂದಲೋ ಸೇಲಂನಿಂದಲೋ ಸಾಮಾನು ಕಟ್ಟಿಕೊಂಡು ತೋಟದ ಕೆಲಸಕ್ಕೆ ಬಂದ ಹೆಂಗಸರಿಗೆ ಈ ಕತೆಯನ್ನು ವಿವರಿಸಿ ಹೇಳುವ ಅಗತ್ಯ ಇಲ್ಲ.

ಇದೇ ಸಂಜೆ ನಮ್ಮ ನೆಲದ ಮಾತೂ ಬರಲಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಥೋಲಿಕರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ. ಅನ್ನಮ್ಮ ಅಂದರೆ ಮರಿಯಳ ತಾಯಿ, ಆ ಹೆಸರು ಬೈಬಲಿನಲ್ಲಿ ಎಲ್ಲೂ ಇಲ್ಲ, ಎರಡನೇ ಶತಮಾನದ ಒಂದು ಬರಹದಿಂದ ಬಂದದ್ದು. ನಮ್ಮ ಕೊಡಗಿನ ಮಿಷನ್ ಊರು ಆನಂದಪುರದ ವಿಷಯ ತೆಗೆದುಕೊಳ್ಳಿ. 1850ರ ದಶಕದಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಹೆಸರು ನಮಗೆಲ್ಲ ಗೊತ್ತು. ಅಲ್ಲಿ ಮೊದಲು ದೀಕ್ಷಾಸ್ನಾನ ಪಡೆದ ಹೆಂಗಸರ ಹೆಸರು ಒಂದಾದರೂ ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ? ಅಜ್ಜಿಯರು ಇದ್ದರೆ ಈಗಲೇ ಕೇಳಿ.

ಮೂರನೇ ಸಂಜೆ: ಸೂಜಿ, ಮತ್ತೆ ಮಾತು

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯದಲ್ಲಿ ಯೊಪ್ಪದ ತಬಿಥಾ ಇದ್ದಾಳೆ. ಸತ್ತುಹೋಗಿದ್ದಾಳೆ. ಯೇಸುವಿನ ಶಿಷ್ಯ ಪೇತ್ರ ಬಂದಾಗ ಊರಿನ ವಿಧವೆಯರೆಲ್ಲ ಅಳುತ್ತಾ ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸುತ್ತಾರೆ. ಅವಳನ್ನು ಹೊಗಳಲು ಅವರ ಬಾಯಿಗೆ ಬೇರೆ ಮಾತು ಬರಲಿಲ್ಲ, ಬಟ್ಟೆಯನ್ನೇ ಎತ್ತಿ ಹಿಡಿದರು.

ಇದನ್ನು ಓದಿದಾಗ ನನಗೆ 2018ರ ಆಗಸ್ಟ್ ನೆನಪಾಯಿತು. ಗುಡ್ಡ ಕುಸಿದು ಜನ ಶಾಲೆಗಳಲ್ಲಿ, ಹಾಲ್‌ಗಳಲ್ಲಿ ಇದ್ದ ದಿನಗಳು. ನಾನು ಸಹಾಯಕ್ಕೆ ಹೋಗಿದ್ದ ಕ್ಯಾಂಪಿಗೆ ಹೊರಗಿನಿಂದ ಮೂಟೆಗಟ್ಟಲೆ ಹಳೆ ಬಟ್ಟೆ ಬಂದಿತ್ತು, ಯಾರಿಗೂ ಸರಿಯಾಗುತ್ತಿರಲಿಲ್ಲ. ಅಲ್ಲಿ ಒಬ್ಬರು ಅಕ್ಕ ಇದ್ದರು, ಅವರ ಮನೆಯೇ ಹೋಗಿತ್ತು. ಯಾರದೋ ಹೊಲಿಗೆ ಮೆಷಿನ್ ತರಿಸಿಕೊಂಡು ಮೂಲೆಯಲ್ಲಿ ಕೂತರು. ಬ್ಲೌಸ್ ಬಿಚ್ಚುವುದು, ಸಣ್ಣದು ಮಾಡುವುದು, ಮಕ್ಕಳ ಲಂಗಕ್ಕೆ ಲಾಡಿ ಹಾಕುವುದು, ದಿನವಿಡೀ ಅದೇ. ಪಕ್ಕದಲ್ಲಿ ಕೂತ ಹೆಂಗಸರು ಬಟ್ಟೆ ಕೊಡುವ ನೆಪದಲ್ಲಿ ತಮ್ಮ ಕತೆ ಹೇಳುತ್ತಿದ್ದರು, ಅವರು ತಲೆ ಎತ್ತದೆ "ಹೂಂ" ಅನ್ನುತ್ತಾ ಕೇಳುತ್ತಿದ್ದರು. ಅದನ್ನು ಯಾರೂ ವರ ಅಂತ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ತಬಿಥಾಳ ಕತೆಯನ್ನು ಅಡುಗೆಮನೆಯಲ್ಲಿ ಕೂತು ಓದಿದ ಮೇಲೆಯೇ ಆ ಅಕ್ಕನ ಮನೆಗೆ ಹೋಗಿ ಹೇಳಿಬಂದೆ.

ಅದೇ ಸಂಜೆ ಫಿಲಿಪ್ಪನ ನಾಲ್ಕು ಹೆಣ್ಣುಮಕ್ಕಳನ್ನೂ ಓದಿ, ಕೃತ್ಯಗಳು 21ರ ಒಂಬತ್ತನೇ ವಚನ. ಕೈಸರೈಯದಲ್ಲಿ ಇದ್ದವರು, ಮದುವೆ ಆಗದವರು, ನಾಲ್ವರೂ ಪ್ರವಾದನೆ ಮಾಡುತ್ತಿದ್ದವರು. ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು ಅನ್ನುವ ಪ್ರವಾದಿ ಯೋವೇಲನ ಮಾತನ್ನು ಪೇತ್ರ, ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನ, ಎತ್ತಿ ಹೇಳಿದ್ದ, ಅದು ಒಂದೇ ಮನೆಯಲ್ಲಿ ನಾಲ್ಕು ಸಲ ನಿಜವಾಯಿತು.

ಇಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ, ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಅಂತ ಇದೆಯಲ್ಲ ಅಂತ. ಇದೆ, ಒಂದನೇ ಕೊರಿಂಥ 14ರಲ್ಲಿ. ಮುಚ್ಚಿಡಬೇಡಿ, ಓದಿ. ಆಮೇಲೆ ಅದೇ ಪತ್ರದ 11ನೇ ಅಧ್ಯಾಯ ಓದಿ. ಹೆಂಗಸರು ಪ್ರಾರ್ಥನೆ, ಪ್ರವಾದನೆ ಮಾಡುವಾಗ ತಲೆಯ ಮೇಲೆ ಮುಸುಕು ಇರಲಿ ಅಂತ ಅಲ್ಲಿದೆ. ಬಾಯಿ ತೆರೆಯಲೇಬಾರದು ಅಂತಿದ್ದರೆ ಮುಸುಕಿನ ಮಾತು ಯಾಕೆ ಬರಬೇಕು? ಒಂದೊಂದು ಸಭೆ ಇದನ್ನು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತದೆ. ಎರಡೂ ಅಧ್ಯಾಯವನ್ನು ಜೊತೆಗಿಟ್ಟು ಓದುವುದು ಮಾತ್ರ ಎಲ್ಲರೂ ಮಾಡಬಹುದಾದ ಕೆಲಸ. ಅಲ್ಲಿಗೆ ಬಿಡಿ, ಜಗಳಕ್ಕೆ ಇಳಿಯಬೇಡಿ.

ನಾಲ್ಕನೇ ಸಂಜೆ: ಇಬ್ಬರು ದಾಸಿಯರು, ಆಮೇಲೆ ಬ್ಲಾಂದಿನಾ

ಇಲ್ಲಿಂದ ಬೈಬಲ್ ಆಚೆಗೆ ಹೋಗುತ್ತೇವೆ. ಸುಮಾರು ಕ್ರಿ.ಶ. 112ರಲ್ಲಿ, ಈಗಿನ ತುರ್ಕಿಯ ಉತ್ತರ ಭಾಗದಲ್ಲಿದ್ದ ಬಿಥೂನ್ಯದ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರ ಬಗ್ಗೆ ನಿಜ ತಿಳಿಯಲು ಇಬ್ಬರು ದಾಸಿಯರನ್ನು ಹಿಂಸೆ ಕೊಟ್ಟು ವಿಚಾರಿಸಿದೆ ಅಂತ ಅದರಲ್ಲಿದೆ. ಅವರನ್ನು ಸಭೆಯವರು ಸೇವಕಿಯರು ಅಂತ ಕರೆಯುತ್ತಿದ್ದರಂತೆ. ಅಂದರೆ ಮನೆಯಲ್ಲಿ ದಾಸಿಯರು, ಸಭೆಯಲ್ಲಿ ಹೊಣೆ ಹೊತ್ತವರು. ಅತಿಯಾದ ಮೂಢನಂಬಿಕೆ ಬಿಟ್ಟು ಬೇರೇನೂ ಸಿಗಲಿಲ್ಲ ಅಂತ ಅವನು ಬರೆದ. ಅವರ ಹೆಸರು ಬರೆಯಲಿಲ್ಲ. ಈ ಪತ್ರ ಬರೆದವನು ಹೊಡೆಸಿದವನೇ. ಅವನ ಮಾತಿನಿಂದಲೇ ನಮಗೆ ಗೊತ್ತಾಗುತ್ತದೆ, ಆ ಹೆಂಗಸರು ಯಾರ ಮೇಲೂ ಸುಳ್ಳು ಅಪರಾಧ ಹೊರಿಸಲಿಲ್ಲ.

ಬ್ಲಾಂದಿನಾ ಕತೆ 177ರದ್ದು, ಫ್ರಾನ್ಸಿನ ಲಿಯಾನ್ ಊರಿನದು, ಆಗ ಮಾರ್ಕಸ್ ಅರೇಲಿಯಸ್ ಆಳುತ್ತಿದ್ದ. ಅಲ್ಲಿಯ ಸಭೆಯವರು ಬರೆದ ಪತ್ರವನ್ನು ಯೂಸೇಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಉಳಿಸಿದ್ದಾನೆ. ಅವಳೂ ದಾಸಿ. ಮೈ ತೀರಾ ನಾಜೂಕು. ಅವಳ ಯಜಮಾನಿಯೂ ಹಿಡಿದವರಲ್ಲಿ ಇದ್ದಳು, ಈ ಹುಡುಗಿಗೆ ಸಾಕ್ಷಿ ಹೇಳುವಷ್ಟು ಶಕ್ತಿ ಇರುತ್ತದೋ ಇಲ್ಲವೋ ಅಂತ ಅವಳಿಗೇ ಭಯ. ಆದರೆ ಬೆಳಿಗ್ಗೆಯಿಂದ ಸಂಜೆ ತನಕ ಪಾಳಿ ಬದಲಿಸಿ ಹಿಂಸಿಸಿದವರೇ ದಣಿದರು. "ನಾನು ಕ್ರೈಸ್ತಳು, ನಮ್ಮಲ್ಲಿ ಕೆಟ್ಟದ್ದು ಏನೂ ನಡೆಯುವುದಿಲ್ಲ" ಅನ್ನುವುದೇ ಅವಳ ಮಾತು. ಕೊನೆಯ ದಿನ ಹದಿನೈದು ವರ್ಷದ ಪೊಂತಿಕಸ್ ಅವಳ ಜೊತೆ ಇದ್ದ. ಅವನಿಗೆ ಧೈರ್ಯ ಹೇಳಿ ಹೇಳಿ ಮುಂದೆ ಕಳಿಸಿ, ಎಲ್ಲರ ಕೊನೆಗೆ ಅವಳು ಹೋದಳು. ಧೈರ್ಯ ಹೇಳುವ ವರ ಅಂತ ಮೊದಲ ಸಂಜೆ ಓದಿದ್ದೆವಲ್ಲ, ಅದು ಇಲ್ಲಿ ಮೈ ಪಡೆದಿದೆ.

ಒಂದು ಎಚ್ಚರಿಕೆ. ಈ ಪತ್ರದಲ್ಲಿ ಹಿಂಸೆಯ ವಿವರ ತುಂಬಾ ಇದೆ. ಅದನ್ನೆಲ್ಲ ಗಟ್ಟಿಯಾಗಿ ಓದಬೇಡಿ. ನಿಮ್ಮ ಪಕ್ಕದಲ್ಲಿ ಕೂತವರಲ್ಲಿ ನಿನ್ನೆ ರಾತ್ರಿ ಏಟು ತಿಂದವರು ಇರಬಹುದು. ನಮ್ಮಲ್ಲಿ ಒಬ್ಬಾಕೆ ಅರ್ಧದಲ್ಲೇ ಎದ್ದು ಹೊರಗೆ ಹೋದಳು, ನಾನು ಓದುವ ಭರದಲ್ಲಿ ಗಮನಿಸಲೇ ಇಲ್ಲ. ಆಮೇಲೆ ಗೊತ್ತಾಯಿತು. ಹಿಂದೆ ಅವಳು ತನ್ನ ಕಷ್ಟ ಹೇಳಿಕೊಂಡಾಗ ಒಬ್ಬ ಬೋಧಕರು ಇಂಥದೇ ಸಂತರ ಕತೆ ಹೇಳಿ, ಸಹಿಸಿಕೋ ಅಂತ ವಾಪಸ್ ಕಳಿಸಿದ್ದರಂತೆ.

ಅದಕ್ಕೇ ಈ ಮಾತನ್ನು ಆ ಸಂಜೆಯೇ ಬಿಡಿಸಿ ಹೇಳಿ. ಬ್ಲಾಂದಿನಾ ನಿಂತದ್ದು ತನ್ನ ದೇವರನ್ನು ಬಿಟ್ಟುಕೊಡು ಅಂದ ಅಧಿಕಾರದ ಎದುರು. ಕುಡಿದು ಬಂದು ಹೊಡೆಯುವ ಗಂಡನ ಎದುರು ಸುಮ್ಮನೆ ಇರು ಅಂತ ಈ ಯಾವ ಬರಹವೂ ಹೇಳುವುದಿಲ್ಲ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿ ಅಂತ ಯೇಸುವೇ ಮತ್ತಾಯ 10ರಲ್ಲಿ ಹೇಳಿದ್ದಾನೆ. ಯಾರಾದರೂ ಹೇಳಿಕೊಂಡರೆ ಮೊದಲು ಅವಳು ಈ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ಕೇಳಿ, ಪ್ರಾರ್ಥನೆ ಆಮೇಲೆ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಎರಡೂ ನಂಬರನ್ನು ಓದುವ ಹಾಳೆಯ ಕೆಳಗೆ ಬರೆದೇ ಇಡಿ. ಗುಂಪಿನಲ್ಲಿ ಹೇಳಿದ ಮಾತು ಗುಂಪಿನಿಂದ ಆಚೆ ಹೋಗಬಾರದು, ಇದರಲ್ಲಿ ರಿಯಾಯಿತಿ ಬೇಡ.

ಅದೇ ಪತ್ರದಲ್ಲಿ ಬಿಬ್ಲಿಸ್ ಅನ್ನುವವಳೂ ಇದ್ದಾಳೆ. ಮೊದಲು ಭಯಕ್ಕೆ ಇಲ್ಲ ಅಂದುಬಿಟ್ಟವಳು. ಇನ್ನೂ ಹಿಂಸಿಸಿ ಸಭೆಯ ಮೇಲೆ ಸುಳ್ಳು ಹೇಳಿಸಲು ನೋಡಿದಾಗ, ನಿದ್ದೆಯಿಂದ ಎಚ್ಚೆತ್ತವಳ ಹಾಗೆ ಎದ್ದು ನಾನು ಕ್ರೈಸ್ತಳು ಅಂದಳು. ಒಂದು ಸಲ ಬಿದ್ದವರು ನಮ್ಮಲ್ಲೂ ಇದ್ದಾರೆ, ಅವಳ ಹೆಸರನ್ನು ಬಿಡಬೇಡಿ.

ಐದನೇ ಸಂಜೆ: ಪರ್ಪೇತುವಾ, ಫೆಲಿಸಿತಾ

ಇದಕ್ಕೆ ಒಂದು ಸಂಜೆ ಸಾಲದೆ ಹೋದರೆ ಎರಡು ಮಾಡಿಕೊಳ್ಳಿ. ನಾವು ಎರಡನೇ ವರ್ಷ ಹಾಗೇ ಮಾಡಿದೆವು. ಕೆಥೋಲಿಕರಿಗೆ ಈ ಹೆಸರುಗಳು ಹೊಸದೇನಲ್ಲ, ಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಬರುತ್ತವೆ, ಹಬ್ಬ ಮಾರ್ಚ್ 7ಕ್ಕೆ. ನಡೆದದ್ದು 203ರಲ್ಲಿ, ಆಫ್ರಿಕಾದ ಕಾರ್ತೇಜ್‌ನಲ್ಲಿ, ಈಗಿನ ಟುನೀಶಿಯಾ. ಪರ್ಪೇತುವಾಗೆ ಸುಮಾರು 22 ವರ್ಷ, ಒಳ್ಳೆಯ ಮನೆತನ, ಓದಿದವಳು, ಮೊಲೆ ಕುಡಿಯುವ ಮಗು. ಫೆಲಿಸಿತಾ ದಾಸಿ, ಎಂಟು ತಿಂಗಳ ಬಸುರಿ. ಇಬ್ಬರೂ ಆಗಿನ್ನೂ ದೀಕ್ಷಾಸ್ನಾನಕ್ಕೆ ತಯಾರಾಗುತ್ತಿದ್ದವರು. ಕ್ರೈಸ್ತರು ಅಂತ ಅವರನ್ನು ಹಿಡಿದು ಜೈಲಿಗೆ ಹಾಕಿದರು, ಅಲ್ಲಿ ನಡೆದದ್ದನ್ನು ಪರ್ಪೇತುವಾ ತಾನೇ ಬರೆದಿಟ್ಟಳು. ಕ್ರೈಸ್ತ ಹೆಂಗಸೊಬ್ಬಳು ಸ್ವತಃ ಬರೆದು ನಮಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಇದೊಂದು.

ಅವಳು ದೊಡ್ಡ ದೊಡ್ಡ ಮಾತು ಬರೆಯುವುದಿಲ್ಲ. ಕತ್ತಲಾಗಿತ್ತು, ಸೆಕೆ, ಜನ ಒತ್ತೊತ್ತಾಗಿ ಇದ್ದರು, ಮಗುವಿನ ಚಿಂತೆ ನನ್ನನ್ನು ತಿನ್ನುತ್ತಿತ್ತು ಅಂತ ಬರೆಯುತ್ತಾಳೆ. ಇಬ್ಬರು ಸಭಾ ಸೇವಕರು ಕಾವಲುಗಾರರಿಗೆ ದುಡ್ಡು ಕೊಟ್ಟು ಕೆಲವು ಗಂಟೆ ಸ್ವಲ್ಪ ಗಾಳಿ ಬೆಳಕಿನ ಜಾಗಕ್ಕೆ ಹೋಗುವ ಹಾಗೆ ಮಾಡಿದರು. ಅಲ್ಲಿ ಹಸಿವಿನಿಂದ ಸೊರಗಿದ ಮಗುವಿಗೆ ಹಾಲು ಕೊಟ್ಟಳು. ಆಮೇಲೆ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಲು ಬಿಟ್ಟ ಮೇಲೆ ಜೈಲು ತನಗೆ ಅರಮನೆ ಆಯಿತು ಅನ್ನುತ್ತಾಳೆ. ಈ ಭಾಗ ಓದುವಾಗ ಯಾರೂ ಅವಸರ ಮಾಡಬಾರದು.

ಅವಳ ಅಪ್ಪ ಮತ್ತೆ ಮತ್ತೆ ಬರುತ್ತಾನೆ. ಮೊದಲ ಸಲ ಅವಳು ಒಂದು ಪಾತ್ರೆ ತೋರಿಸಿ ಕೇಳುತ್ತಾಳೆ, ಇದನ್ನು ಬೇರೆ ಹೆಸರಿನಿಂದ ಕರೆಯಲು ಆಗುತ್ತದಾ ಅಂತ. ಇಲ್ಲ ಅನ್ನುತ್ತಾನೆ. ಹಾಗೇ ನಾನೂ ಕ್ರೈಸ್ತಳು ಅಲ್ಲದೆ ಬೇರೆ ಏನೂ ಅಂತ ಹೇಳಲಾರೆ ಅನ್ನುತ್ತಾಳೆ. ಆಮೇಲೊಂದು ಸಲ ಅವನು ಅವಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ಮಗಳೇ ಅನ್ನದೆ ಒಡತಿ ಅಂತ ಕರೆದು ಬೇಡುತ್ತಾನೆ. ಅವನನ್ನು ಅಧಿಕಾರಿ ಕೋಲಿನಿಂದ ಹೊಡೆಸಿದಾಗ ತನಗೇ ಏಟು ಬಿದ್ದ ಹಾಗೆ ನೋವಾಯಿತು ಅಂತ ಬರೆಯುತ್ತಾಳೆ. ಅಪ್ಪನ ಮೇಲೆ ಪ್ರೀತಿ ಪೂರಾ ಇದೆ, ಮಾತು ಮಾತ್ರ ಬದಲಾಗುವುದಿಲ್ಲ. ಹೆಣ್ಣುಮಗಳು ಅಪ್ಪನಿಗೆ ಆಗಲ್ಲ ಅನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ನಮ್ಮ ಅಡುಗೆಮನೆಯಲ್ಲಿ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ದರ್ಶನದ ಮಾತು. ಅವಳ ಸಹೋದರ ಬಂದು, ನೀನು ಕೇಳಿದರೆ ದೇವರು ತೋರಿಸುತ್ತಾನೆ, ಇದು ಬಿಡುಗಡೆಯೋ ಸಾವೋ ಕೇಳು ಅನ್ನುತ್ತಾನೆ. ಕೇಳುತ್ತಾಳೆ. ಆಕಾಶಕ್ಕೆ ಮುಟ್ಟುವ ಕಂಚಿನ ಏಣಿ ಕಾಣುತ್ತದೆ, ಒಬ್ಬೊಬ್ಬರೇ ಹತ್ತುವಷ್ಟು ಇಕ್ಕಟ್ಟು, ಎರಡೂ ಕಡೆ ಕತ್ತಿ ಈಟಿಗಳು, ಕೆಳಗೆ ದೊಡ್ಡ ಸರ್ಪ. ಅದರ ತಲೆಯನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾಳೆ. ಮೇಲೆ ತೋಟ, ಬಿಳಿ ಕೂದಲಿನ ಕುರುಬ ಹಾಲು ಕರೆಯುತ್ತಿದ್ದಾನೆ, ಗಟ್ಟಿ ಹಾಲಿನ ಒಂದು ತುಣುಕು ಅವಳ ಬೊಗಸೆಗೆ ಹಾಕುತ್ತಾನೆ. ಎಚ್ಚರವಾದಾಗ ಬಾಯಲ್ಲಿ ಇನ್ನೂ ಸಿಹಿ ಇತ್ತು. ಸಾವೇ ಬರುವುದು ಅಂತ ಇಬ್ಬರಿಗೂ ಅರ್ಥವಾಯಿತು.

ದರ್ಶನಗಳನ್ನು ಹೇಗೆ ಓದುವುದು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ. ಸರ್ಪ ಅಂದರೆ ಏನು, ಏಣಿ ಅಂದರೆ ಏನು ಅಂತ ಬಿಡಿಸುತ್ತಾ ಕೂರಬೇಡಿ. ಈ ದರ್ಶನ ಬಂದ ಮೇಲೆ ಅವಳು ಏನು ಮಾಡಿದಳು, ಅದರ ಬೆಲೆ ಯಾರು ಕೊಟ್ಟರು ಅಂತ ಕೇಳಿ. ಪರ್ಪೇತುವಾಳ ದರ್ಶನಕ್ಕೆ ಬೆಲೆ ಕೊಟ್ಟವಳು ಪರ್ಪೇತುವಾಳೇ. ಇವತ್ತು ಯಾರಾದರೂ ನಿಮಗೆ ದೇವರು ಹೀಗೆ ತೋರಿಸಿದ ಅಂತ ಹೇಳಿ ನಿಮ್ಮ ಚಿನ್ನ, ನಿಮ್ಮ ಮಗಳ ಮದುವೆ, ನಿಮ್ಮ ದುಡ್ಡಿನ ಕಡೆ ಕೈ ತೋರಿಸಿದರೆ ಇದೇ ಪ್ರಶ್ನೆ ಕೇಳಿ. ಆತ್ಮಗಳನ್ನು ವಿವೇಚಿಸುವುದೂ ಆ ಪಟ್ಟಿಯಲ್ಲಿರುವ ವರವೇ, ಅದು ಹೆಂಗಸರಿಗೂ ಸಿಕ್ಕಿದೆ.

ಫೆಲಿಸಿತಾಗೆ ಬೇರೆ ಚಿಂತೆ. ಬಸುರಿಯರನ್ನು ಕೊಲ್ಲಬಾರದು ಅಂತ ಕಾನೂನು ಇತ್ತು. ಹಾಗಾದರೆ ತನ್ನವರೆಲ್ಲ ಹೋದ ಮೇಲೆ ಎಂದೋ ಒಂದು ದಿನ ಯಾರೋ ಅಪರಾಧಿಗಳ ಜೊತೆ ತಾನೊಬ್ಬಳೇ ಸಾಯಬೇಕಲ್ಲ ಅಂತ. ಎಲ್ಲರೂ ಪ್ರಾರ್ಥಿಸಿದರು, ಎಂಟನೇ ತಿಂಗಳಲ್ಲೇ ನೋವು ಬಂತು. ಕೂಗುತ್ತಿದ್ದವಳಿಗೆ ಕಾವಲುಗಾರ, ಇದಕ್ಕೇ ಹೀಗೆ ಅರಚುವವಳು ಮೃಗಗಳ ಮುಂದೆ ಏನು ಮಾಡುತ್ತೀಯ ಅಂದ. ಈಗಿನ ನೋವು ನನ್ನದು, ಆಗ ನನಗಾಗಿ ನೋವು ತಿನ್ನುವವನು ನನ್ನೊಳಗೆ ಇರುತ್ತಾನೆ ಅಂದಳು. ಹೆಣ್ಣುಮಗು ಹುಟ್ಟಿತು. ಸಭೆಯ ಒಬ್ಬ ಸಹೋದರಿ ಅದನ್ನು ತನ್ನ ಮಗಳಾಗಿ ಬೆಳೆಸಿದಳು. ಅವಳ ಹೆಸರು ಬರಹದಲ್ಲಿ ಇಲ್ಲ. ನಮ್ಮ ಗುಂಪಿನ ಒಬ್ಬರು ಅಜ್ಜಿಗೆ ಇಡೀ ಕತೆಯಲ್ಲಿ ಅವಳೇ ಇಷ್ಟ. "ಸತ್ತವರದ್ದು ಒಂದು ದಿನ, ಬೆಳೆಸಿದವಳದ್ದು ಇಪ್ಪತ್ತು ವರ್ಷ" ಅಂದರು.

ಜನರ ಎದುರು ಮೃಗಗಳಿಗೆ ಹಾಕುವ ಕಣದಲ್ಲಿ ಅವರನ್ನು ಹುಚ್ಚು ಹಸುವಿನ ಮುಂದೆ ಬಿಟ್ಟರು. ಬಿದ್ದ ಪರ್ಪೇತುವಾ ಎದ್ದು, ಫೆಲಿಸಿತಾ ಬಿದ್ದಿದ್ದನ್ನು ನೋಡಿ, ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದಳು. ಒಡತಿಯರ ಮನೆತನದವಳು ದಾಸಿಗೆ ಕೈ ಕೊಟ್ಟು ಎಬ್ಬಿಸಿ, ಇಬ್ಬರೂ ಪಕ್ಕಪಕ್ಕ ನಿಂತರು. ಎಸ್ಟೇಟ್ ಬಂಗಲೆಯೂ ಲೈನ್ ಮನೆಯೂ ಇರುವ ನಮ್ಮ ಊರಿನಲ್ಲಿ ಇದನ್ನು ಎರಡು ಸಲ ಓದಿ.

ಮಗುವನ್ನು ಬಿಟ್ಟು ಹೋಗಿದ್ದು ಸರಿಯಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ನೀವು ಉತ್ತರ ಕೊಡಬೇಡಿ. ನಮ್ಮಲ್ಲಿ ಇಬ್ಬರು ತಾಯಂದಿರು ಇಲ್ಲ ಅಂದರು, ಈಗಲೂ ಇಲ್ಲ ಅನ್ನುತ್ತಾರೆ. ಅವರು ಇನ್ನೂ ಬರುತ್ತಿದ್ದಾರೆ.

ಆರನೇ ಸಂಜೆ: ನಿಮ್ಮ ಪುಸ್ತಕ

ಒಂದು ನೋಟ್ ಪುಸ್ತಕ ತನ್ನಿ. ರೋಮ 16ರ ಹಾಗೇ ಹೆಸರು, ಅದರ ಮುಂದೆ ಅವಳು ಮಾಡಿದ್ದು ಏನು ಅಂತ ಒಂದು ಸಾಲು. ತನ್ನ ಹೆಸರನ್ನು ತಾನೇ ಬರೆಯುವಂತಿಲ್ಲ, ನನಗೆ ಈ ವರ ಇದೆ ಅಂತ ತಾನೇ ಹೇಳುವಂತಿಲ್ಲ. ಪಕ್ಕದವರು ಹೇಳಬೇಕು, ಅದರಿಂದ ತನಗೆ ಏನಾಯಿತು ಅಂತ ಹೇಳಬೇಕು. "ಒಳ್ಳೆಯವಳು" ಅಂತ ಬರೆದರೆ ಸಾಲದು. "ನನ್ನ ಗಂಡ ಆಸ್ಪತ್ರೆಯಲ್ಲಿ ಇದ್ದಾಗ ಹನ್ನೆರಡು ದಿನ ನನ್ನ ಮಕ್ಕಳಿಗೆ ಅನ್ನ ಹಾಕಿದಳು" ಅಂತ ಬರೆಯಿರಿ. ಕೇಳುವಾಗ ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಪರವಾಗಿಲ್ಲ, ಓದುತ್ತಾ ಹೋಗಿ. ತೀರಿಹೋದ ಅಮ್ಮಂದಿರು, ಅಜ್ಜಿಯರಿಗೂ ಒಂದು ಪುಟ ಬಿಡಿ. ಹೆಸರು ಗೊತ್ತಿಲ್ಲದಿದ್ದರೆ "ಇಂಥವರ ತಾಯಿ" ಅಂತಲಾದರೂ ಇರಲಿ, ಪೌಲನೂ ಹಾಗೇ ಬರೆದ.

ನಮ್ಮ ಪುಸ್ತಕದಲ್ಲಿ ಈಗ 31 ಹೆಸರುಗಳಿವೆ. ಹೊಲಿದ ಅಕ್ಕನದ್ದು ಮೊದಲ ಪುಟದಲ್ಲೇ ಇದೆ. ಮಳೆಗಾಲದಲ್ಲಿ ಹೊರಗೆ ಇಟ್ಟರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದೇವೆ. ವಾರಕ್ಕೊಬ್ಬರ ಮನೆಯ ಡಬ್ಬ.